ಡೈನೋಸಾರ್: ಯಾವ ವಂಶ, ಏನು ಕಸುಬು? ಪದೇ ಪದೇ ಕೇಳುವ ಪ್ರಶ್ನೆಗಳು

ಡೈನೋಸಾರ್ ವಿಷಯ ಎತ್ತಿದರೆ ಮಕ್ಕಳು ಹೆಸರು ಕೇಳುತ್ತಾರೆ. ದೊಡ್ಡವರು "ಅದೆಲ್ಲ ಹೇಗೆ ಗೊತ್ತು ಸ್ವಾಮಿ?" ಅನ್ನುತ್ತಾರೆ. ಇಲ್ಲಿರುವುದು ಹೆಚ್ಚಾಗಿ ಎರಡನೇ ತರದ ಪ್ರಶ್ನೆಗಳು. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಯಾವುದೇ ಅಸ್ಥಿಪಂಜರ ಎರಡು ಸುದ್ದಿ ಹೇಳುತ್ತದೆ: ಈ ಪ್ರಾಣಿ ಯಾವ ವಂಶದ್ದು, ಮತ್ತೆ ಇದು ಏನು ಮಾಡಿ ಹೊಟ್ಟೆ ಹೊರೆಯುತ್ತಿತ್ತು. ಕಣ್ಣಿಗೆ ಹೊಡೆಯುವ ಭಾಗಗಳು, ಅಂದರೆ ಕೊಂಬು, ಉಗುರು, ಹಲ್ಲು, ಹೆಚ್ಚಾಗಿ ಕಸುಬಿನ ಸುದ್ದಿ ಹೇಳುತ್ತವೆ. ವಂಶದ ಸುದ್ದಿ ಹೇಳುವುದು ಯಾರೂ ತಿರುಗಿ ನೋಡದ ಸಣ್ಣಪುಟ್ಟ ಮೂಳೆಗಳು. ಎರಡನ್ನೂ ಬೆರೆಸಿಬಿಟ್ಟಾಗ ಗೊಂದಲ ಶುರುವಾಗುತ್ತದೆ.

## ಶುರುವಿನ ಪ್ರಶ್ನೆಗಳು

ಹಳೇ ಕಾಲದ ದೊಡ್ಡ ಹಲ್ಲಿಗಳಿಗೆಲ್ಲ ಡೈನೋಸಾರ್ ಅಂತಾರೆ, ಅಷ್ಟೇ ಅಲ್ವಾ?

ಅಲ್ಲ. ದೊಡ್ಡದೋ ಚಿಕ್ಕದೋ ಅನ್ನುವುದು ಇಲ್ಲಿ ಲೆಕ್ಕಕ್ಕೇ ಇಲ್ಲ. ಕೋಳಿಗಿಂತ ಸಣ್ಣ ಡೈನೋಸಾರ್‌ಗಳೂ ಇದ್ದವು. ಲೆಕ್ಕಕ್ಕೆ ಬರುವುದು ನಿಲುವು.

ಹಲ್ಲಿಯ ಕಾಲು ಮೈಯಿಂದ ಪಕ್ಕಕ್ಕೆ ಚಾಚಿರುತ್ತದೆ. ಡೈನೋಸಾರ್‌ನ ಕಾಲು ಮೈಯ ಕೆಳಗೆ ನೇರವಾಗಿ ಇಳಿಯುತ್ತದೆ. ಇದರ ಗುರುತು ಸೊಂಟದಲ್ಲಿದೆ. ತೊಡೆಮೂಳೆ ಕೂರುವ ಗುಳಿಗೆ ತಳವೇ ಇಲ್ಲ, ಆರಪಾರ ತೂತು. ತೊಡೆಮೂಳೆಯ ತಲೆ ಒಳಕ್ಕೆ ತಿರುಗಿ ಆ ತೂತಿನಲ್ಲಿ ಕೂರುತ್ತದೆ. ಪಾದದ ಕೀಲು ಹಿಂದಕ್ಕೆ ಮುಂದಕ್ಕೆ ಮಾತ್ರ ಮಡಚುತ್ತದೆ, ಪಕ್ಕಕ್ಕೆ ಹೊರಳುವುದಿಲ್ಲ. ಹೀಗೆ ನಿಂತರೆ ಭಾರ ಹೊರುವುದು ಸುಲಭ, ಓಡುತ್ತಲೇ ಉಸಿರಾಡುವುದೂ ಸುಲಭ.

1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಿಚರ್ಡ್ ಓವೆನ್ ಈ ಗುಂಪಿಗೆ ಹೆಸರಿಟ್ಟಾಗ ಅವರ ಮುಂದಿದ್ದದ್ದು ಮೂರೇ ಪ್ರಾಣಿ: ಮೆಗಲೋಸಾರಸ್, ಇಗ್ವಾನಡಾನ್, ಹೈಲಿಯೋಸಾರಸ್. ಅವೂ ಪೂರ್ತಿ ಸಿಕ್ಕಿರಲಿಲ್ಲ, ಚೂರುಪಾರು. ಅಷ್ಟರಲ್ಲೇ ಸೊಂಟದ ಹತ್ತಿರ ಬೆಸೆದುಕೊಂಡ ಬೆನ್ನುಮೂಳೆ ಮತ್ತು ಕಾಲಿನ ನಿಲುವನ್ನು ನೋಡಿ ಇವೆಲ್ಲ ಒಂದೇ ಬಳಗ ಎಂದು ಗುರುತಿಸಿದರು.

ಹಾಗಾದ್ರೆ ಹಾರುವ ಟೆರೊಸಾರ್, ನೀರಿನ ಮೊಸಾಸಾರ್ ಇವೆಲ್ಲ ಏನು?

ಡೈನೋಸಾರ್ ಅಲ್ಲ. ಟೆರೊಸಾರ್‌ಗಳು ಡೈನೋಸಾರ್‌ಗಳ ಹತ್ತಿರದ ದಾಯಾದಿಗಳು. ಮೊಸಾಸಾರ್‌ಗಳು ಹಲ್ಲಿ, ಹಾವುಗಳ ಕಡೆಯವು. ಕಡಲಲ್ಲಿದ್ದ ಇಕ್ತಿಯೋಸಾರ್, ಪ್ಲೀಸಿಯೋಸಾರ್‌ಗಳದ್ದು ಬೇರೆಯೇ ಕವಲುಗಳು. ಆಟಿಕೆ ಡಬ್ಬಿಗಳಲ್ಲಿ ಯಾವಾಗಲೂ ಇರುವ, ಬೆನ್ನಿನ ಮೇಲೆ ಹಾಯಿ ಹೊತ್ತ ಡೈಮೆಟ್ರೊಡಾನ್ ಅಂತೂ ಇನ್ನೂ ದೂರ. ಮೊದಲ ಡೈನೋಸಾರ್‌ಗಳಿಗಿಂತ ಸುಮಾರು 4 ಕೋಟಿ ವರ್ಷ ಮೊದಲೇ ಅದು ಹೋಗಿಬಿಟ್ಟಿತ್ತು. ವಂಶದಲ್ಲಿ ಅದು ಡೈನೋಸಾರ್‌ಗಿಂತ ನಮಗೇ ಹತ್ತಿರ.

ಸೊಂಟದ ಮೂಳೆ ನೋಡಿ ಎರಡು ಗುಂಪು ಮಾಡ್ತಾರಂತೆ. ಸೊಂಟಕ್ಕೇ ಯಾಕೆ ಅಷ್ಟು ಬೆಲೆ?

1887ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹ್ಯಾರಿ ಸೀಲಿ ಮಾಡಿದ ವಿಂಗಡಣೆ ಅದು. ಸೊಂಟದ ಮುಂಭಾಗದಲ್ಲಿ ಪ್ಯೂಬಿಸ್ ಎಂಬ ಮೂಳೆ ಇದೆ. ಕೆಲವು ಡೈನೋಸಾರ್‌ಗಳಲ್ಲಿ ಅದು ಮುಂದಕ್ಕೆ ಚಾಚಿದೆ. ಇವು ಸಾರಿಸ್ಕಿಯನ್‌ಗಳು. ಟಿ. ರೆಕ್ಸ್‌ನಂತೆ ಎರಡು ಕಾಲಲ್ಲಿ ನಡೆಯುವ, ಹೆಚ್ಚಾಗಿ ಮಾಂಸಾಹಾರಿಗಳಾದ ತೆರೊಪಾಡ್‌ಗಳೂ ಉದ್ದ ಕತ್ತಿನ ಸಾರೋಪಾಡ್‌ಗಳೂ ಇದರೊಳಗೆ ಬರುತ್ತವೆ. ಇನ್ನು ಕೆಲವಲ್ಲಿ ಅದೇ ಮೂಳೆ ಹಿಂದಕ್ಕೆ ತಿರುಗಿದೆ. ಇವು ಆರ್ನಿತಿಸ್ಕಿಯನ್‌ಗಳು. ಸ್ಟೆಗೊಸಾರಸ್, ಟ್ರೈಸೆರಟಾಪ್ಸ್, ಬಾತುಮೂತಿಯ ಹ್ಯಾಡ್ರೊಸಾರ್‌ಗಳು ಈ ಕಡೆ.

ಸೊಂಟಕ್ಕೆ ಬೆಲೆ ಬಂದದ್ದು ಅದು ಸುಲಭಕ್ಕೆ ಬದಲಾಗುವುದಿಲ್ಲ ಎಂಬ ಕಾರಣಕ್ಕೆ. ಆದರೆ ಅದೂ ಪೂರ್ತಿ ನಂಬಿಕೆಗೆ ಯೋಗ್ಯವಲ್ಲ. ಹಕ್ಕಿಗಳ ಪ್ಯೂಬಿಸ್ ಹಿಂದಕ್ಕೇ ತಿರುಗಿದೆ, ಆದರೂ ಅವು ಹುಟ್ಟಿದ್ದು ಸಾರಿಸ್ಕಿಯನ್ ಕಡೆಯಿಂದ. ಥೆರಿಜಿನೊಸಾರ್ ಎಂಬ ಸಸ್ಯಾಹಾರಿ ತೆರೊಪಾಡ್‌ಗಳಲ್ಲೂ ಅದು ಹಿಂದಕ್ಕೆ ಹೋಗಿದೆ. ಸೊಪ್ಪು ತಿನ್ನುವ ಪ್ರಾಣಿಗೆ ದೊಡ್ಡ ಕರುಳು ಬೇಕು. ಮೂಳೆ ಹಿಂದೆ ಸರಿದರೆ ಹೊಟ್ಟೆಗೆ ಜಾಗ ಸಿಗುತ್ತದೆ. ಅಂದರೆ ಸೊಂಟವೂ ಅಲ್ಪಸ್ವಲ್ಪ ಕಸುಬಿಗೆ ಒಗ್ಗಿದೆ.

ನನ್ನ ಕೇಳಿದರೆ, ಆರ್ನಿತಿಸ್ಕಿಯನ್‌ಗಳ ಒಳ್ಳೆಯ ಗುರುತು ಸೊಂಟವಲ್ಲ, ಕೆಳದವಡೆಯ ತುದಿ. ಅಲ್ಲಿ ಪ್ರೀಡೆಂಟರಿ ಎಂಬ ಒಂದು ಪುಟ್ಟ ಒಂಟಿ ಮೂಳೆ ಇರುತ್ತದೆ. ಈ ಬಳಗ ಬಿಟ್ಟರೆ ಬೇರೆ ಯಾವ ಡೈನೋಸಾರ್ ಗುಂಪಿಗೂ ಅದು ಗುರುತಲ್ಲ. ವಸ್ತು ಸಂಗ್ರಹಾಲಯಕ್ಕೆ ಹೋದರೆ ಕೊಂಬು ಬಿಟ್ಟು ಆ ತುದಿ ನೋಡಿ.

ಹಕ್ಕಿ ಡೈನೋಸಾರ್ ಅನ್ನೋದು ಸುಮ್ನೆ ಮಾತಿಗೆ ಹೇಳೋದಾ, ನಿಜವಾಗ್ಲೂನಾ?

ನಿಜವಾಗಿಯೂ. ಟಿ. ರೆಕ್ಸ್‌ಗೂ ವೆಲಾಸಿರ್ಯಾಪ್ಟರ್‌ಗೂ ಎದೆಯ ಮೇಲೆ ಕವೆಮೂಳೆ ಇದೆ, ಕೋಳಿಗೆ ಇರುವಂಥದ್ದೇ. ಟೊಳ್ಳು ಮೂಳೆ, ಮೂರು ಬೆರಳ ಮೇಲೆ ನಡಿಗೆ, ಮಣಿಕಟ್ಟಿನಲ್ಲಿ ಅರ್ಧಚಂದ್ರದ ಆಕಾರದ ಮೂಳೆ, ಎಲ್ಲವೂ ಹಕ್ಕಿಗಿಂತ ಮೊದಲೇ ಬಂದಿದ್ದವು. 1996ರಲ್ಲಿ ಚೀನಾದ ಲಿಯಾವೊನಿಂಗ್‌ನಿಂದ ಬಂದ ಸೈನೊಸಾರೊಪ್ಟೆರಿಕ್ಸ್ ಮೈತುಂಬ ನವಿರು ಹೊದ್ದಿತ್ತು. 2007ರಲ್ಲಿ ವೆಲಾಸಿರ್ಯಾಪ್ಟರ್‌ನ ಮುಂಗೈ ಮೂಳೆಯ ಮೇಲೆ ಗರಿ ನಾಟಿದ್ದ ಗುಬುಟುಗಳು ಸಿಕ್ಕವು. ಅಷ್ಟಾದರೂ ಅದು ಹಾರುತ್ತಿರಲಿಲ್ಲ. ಗರಿ ಮೊದಲು ಬಂದದ್ದು ಬೆಚ್ಚಗಿರಲು, ಬಹುಶಃ ತೋರಿಸಿಕೊಳ್ಳಲು. ಹಾರಾಟಕ್ಕೆ ಬಳಕೆಯಾದದ್ದು ಆಮೇಲೆ.

## ಹೊಟ್ಟೆಪಾಡಿನ ಗುರುತುಗಳು

ಹಲ್ಲು ಒಂದೇ ನೋಡಿ ಏನು ತಿಂತಿತ್ತು ಅಂತ ಹೇಳೋಕಾಗುತ್ತಾ?

ಬಹಳ ಮಟ್ಟಿಗೆ ಆಗುತ್ತದೆ. ಕಸುಬು ತಿಳಿಯಲು ಹಲ್ಲಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಮಾಂಸಾಹಾರಿಗಳಲ್ಲೇ ಎರಡು ದಾರಿ ಇವೆ. ಅಲೋಸಾರಸ್‌ನ ಹಲ್ಲು ಚಪ್ಪಟೆ, ಅಂಚಿನಲ್ಲಿ ಗರಗಸದ ಕಚ್ಚು. ಅದು ಮಾಂಸ ಸೀಳುವುದಕ್ಕೆ. ಟಿ. ರೆಕ್ಸ್‌ನ ಹಲ್ಲು ದಪ್ಪ, ದುಂಡು. ಬೇರು ಸೇರಿ 30 ಸೆಂಟಿಮೀಟರ್ ತನಕ ಉದ್ದ. ಅದು ಮೂಳೆ ಒಡೆಯುವುದಕ್ಕೆ. 2012ರ ಒಂದು ಲೆಕ್ಕದ ಪ್ರಕಾರ ಅದರ ಕಡಿತದ ಬಲ 35,000ದಿಂದ 57,000 ನ್ಯೂಟನ್. ತೆಳ್ಳಗಿನ ಹಲ್ಲಾಗಿದ್ದರೆ ಮುರಿದೇ ಹೋಗುತ್ತಿತ್ತು.

ಸಸ್ಯಾಹಾರಿಗಳ ಕತೆ ಇನ್ನೂ ಚೆನ್ನಾಗಿದೆ. ಹ್ಯಾಡ್ರೊಸಾರ್‌ಗಳ ಬಾಯಲ್ಲಿ ನೂರಾರು ಹಲ್ಲುಗಳು ಒತ್ತಾಗಿ ಸೇರಿ ಒಂದೇ ಅರೆಯುವ ಹಾಸಾಗಿದ್ದವು. ಮೇಲಿನದು ಸವೆದಂತೆ ಕೆಳಗಿನದು ಮೇಲೇಳುತ್ತಿತ್ತು. ಟ್ರೈಸೆರಟಾಪ್ಸ್‌ನ ಹಲ್ಲು ಅರೆಯುವುದಕ್ಕಿಂತ ಕತ್ತರಿಸುವುದಕ್ಕೆ ಒಗ್ಗಿತ್ತು. 2015ರಲ್ಲಿ ಅದರ ಹಲ್ಲನ್ನು ಸೀಳಿ ನೋಡಿದಾಗ ಐದು ಬಗೆಯ ಅಂಗಾಂಶ ಕಂಡವು. ಒಂದೊಂದೂ ಒಂದೊಂದು ವೇಗದಲ್ಲಿ ಸವೆಯುವುದರಿಂದ ಹಲ್ಲು ತನ್ನನ್ನು ತಾನೇ ಮಸೆದುಕೊಳ್ಳುತ್ತಿತ್ತು. ಆಫ್ರಿಕಾದ ನೈಜರ್‌ನಲ್ಲಿ ಸಿಕ್ಕ ನೈಜರ್‌ಸಾರಸ್‌ನದ್ದು ಅಗಲವಾದ ನೇರ ಮೂತಿ, ಮುಂಚೂಣಿಯಲ್ಲೇ ಹಲ್ಲುಗಳ ಸಾಲು, ಒಳಗೆ ಕಾದು ಕೂತವೂ ಸೇರಿ 500ಕ್ಕೂ ಹೆಚ್ಚು. ಒಂದು ಹಲ್ಲಿನ ಬಾಳು ಸುಮಾರು 14 ದಿನ. ಇಷ್ಟು ಬೇಗ ಹಲ್ಲು ಬದಲಾಯಿಸಬೇಕಾದರೆ ಅದು ನೆಲಮಟ್ಟದಲ್ಲಿ, ಮಣ್ಣು ಮೆತ್ತಿದ ಗಿಡ ತಿನ್ನುತ್ತಿರಬೇಕು.

ಹಲ್ಲು ಮೋಸ ಮಾಡುವುದೂ ಉಂಟು. ದಕ್ಷಿಣ ಆಫ್ರಿಕಾದ ಹೆಟೆರೊಡೊಂಟೊಸಾರಸ್‌ಗೆ ಮುಂದೆ ಉದ್ದನೆಯ ಕೋರೆ ಇದೆ. ಅದನ್ನಷ್ಟೇ ನೋಡಿದರೆ ಬೇಟೆಗಾರ ಅನ್ನಿಸುತ್ತದೆ. ಹಿಂದಿನ ಹಲ್ಲುಗಳು ಮಾತ್ರ ಗಿಡ ಅರೆಯುವಂಥವು.

ಸಾರೋಪಾಡ್‌ಗಳು ಅಗಿಯದೇ ಅಷ್ಟು ದೊಡ್ಡ ಮೈ ಹೇಗೆ ಸಾಕಿದವು?

ಅಗಿಯದೇ ಇದ್ದದ್ದರಿಂದಲೇ! ಅಗಿಯಬೇಕಾದರೆ ದೊಡ್ಡ ಹಲ್ಲು, ದಪ್ಪ ಸ್ನಾಯು, ಭಾರದ ತಲೆ ಬೇಕು. ಭಾರದ ತಲೆಯನ್ನು ಉದ್ದ ಕತ್ತಿನ ತುದಿಯಲ್ಲಿ ಹೊರಲಾಗದು. ಇವು ಕಿತ್ತು ನುಂಗುತ್ತಿದ್ದವು. ಉಳಿದ ಕೆಲಸವೆಲ್ಲ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳದ್ದು. ತಲೆ ಚಿಕ್ಕದಾದ್ದರಿಂದ ಕತ್ತು ಬೆಳೆಯಿತು. ಚೀನಾದ ಒಂದು ಮಾಮೆಂಚಿಸಾರಸ್‌ನ ಕತ್ತು ಸುಮಾರು 15 ಮೀಟರ್ ಎಂದು 2023ರಲ್ಲಿ ಲೆಕ್ಕ ಹಾಕಿದ್ದಾರೆ. ಕತ್ತು ಉದ್ದವಿದ್ದರೆ ಆ ಭಾರದ ಮೈಯನ್ನು ಎಳೆದುಕೊಂಡು ಅಲೆಯದೆ, ನಿಂತಲ್ಲೇ ಸುತ್ತಲಿನ ಸೊಪ್ಪು ಮುಗಿಸಬಹುದು.

ಬೆನ್ನುಮೂಳೆಯೊಳಗೆ ಗಾಳಿಚೀಲಗಳ ಗುರುತೂ ಇದೆ, ಇಂದಿನ ಹಕ್ಕಿಗಳಲ್ಲಿ ಇರುವ ಹಾಗೆ. ಮೂಳೆ ಹಗುರ, ಉಸಿರಾಟ ಚುರುಕು. ಇದು ವಂಶ ಮತ್ತು ಕಸುಬು ಎರಡನ್ನೂ ಒಟ್ಟಿಗೆ ಹೇಳುವ ಅಪರೂಪದ ಗುರುತು. ತೆರೊಪಾಡ್‌ಗಳಲ್ಲೂ ಇದೇ ವ್ಯವಸ್ಥೆ ಇದೆ, ಆರ್ನಿತಿಸ್ಕಿಯನ್‌ಗಳ ಮೂಳೆಯಲ್ಲಿ ಕಾಣುವುದಿಲ್ಲ. ದೈತ್ಯ ಗಾತ್ರ ಸಾರೋಪಾಡ್‌ಗಳಿಗೇ ಒಲಿದದ್ದಕ್ಕೆ ಇದೊಂದು ದೊಡ್ಡ ಕಾರಣ. ಇನ್ನೊಂದು ಲೆಕ್ಕ: 2011ರಲ್ಲಿ ಹಲ್ಲಿನ ರಾಸಾಯನಿಕ ಗುರುತಿನಿಂದ ಅಳೆದಾಗ ಸಾರೋಪಾಡ್ ಮೈಬಿಸಿ 36ರಿಂದ 38 ಡಿಗ್ರಿ ಸೆಲ್ಸಿಯಸ್ ಎಂದು ಬಂತು. ಹೆಚ್ಚುಕಡಿಮೆ ನಮ್ಮಷ್ಟೇ.

ಹೊಟ್ಟೆಯೊಳಗೆ ಊಟ ಸಮೇತ ಸಿಕ್ಕಿದ್ದು ನಿಜವಾಗಿ ಇದೆಯಾ?

ಇದೆ, ಆದರೆ ಬಹಳ ವಿರಳ. ಒಂದೊಂದೂ ಚಿನ್ನದಂಥದ್ದು.

1983ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಸಿಕ್ಕ ಬ್ಯಾರಿಯಾನಿಕ್ಸ್‌ನ ಹೊಟ್ಟೆ ಇದ್ದ ಜಾಗದಲ್ಲಿ ಆಮ್ಲದಿಂದ ಸವೆದ ಮೀನಿನ ಹುರುಪೆಗಳಿದ್ದವು. ಜೊತೆಗೆ ಇಗ್ವಾನಡಾನ್ ಕಡೆಯ ಒಂದು ಮರಿಯ ಮೂಳೆಗಳೂ ಇದ್ದವು. ಮೊಸಳೆಯಂಥ ಮೂತಿ ನೋಡಿ ಮೀನು ಹಿಡಿಯುತ್ತಿತ್ತು ಎಂದು ಊಹಿಸಬಹುದಿತ್ತು. ಆದರೆ ಸಿಕ್ಕಿದರೆ ಬೇರೆಯದನ್ನೂ ಬಿಡುತ್ತಿರಲಿಲ್ಲ ಎಂದು ಮೂತಿಯಿಂದ ಯಾರಿಗೂ ತಿಳಿಯುತ್ತಿರಲಿಲ್ಲ.

ಕೆನಡಾದ ಆಲ್ಬರ್ಟಾದಲ್ಲಿ 2011ರಲ್ಲಿ ಗಣಿಯೊಂದರಲ್ಲಿ ಕವಚ, ಚರ್ಮ ಸಮೇತ ಸಿಕ್ಕ ಬೋರಿಯಾಲೊಪೆಲ್ಟಾ ಸುಮಾರು 11 ಕೋಟಿ ವರ್ಷ ಹಿಂದಿನದು. 2020ರಲ್ಲಿ ಅದರ ಕೊನೆಯ ಊಟ ಪರೀಕ್ಷಿಸಿದರು. ಹೆಚ್ಚಿನ ಪಾಲು ಜರೀಗಿಡದ ಎಲೆ. ಸುತ್ತಮುತ್ತ ಬೇರೆ ಗಿಡಗಳಿದ್ದರೂ ಇದು ಆರಿಸಿ ತಿಂದಿತ್ತು. ಜೊತೆಗೆ ಇದ್ದಿಲಿನ ಚೂರುಗಳು! ಕಾಡ್ಗಿಚ್ಚು ಹಾದುಹೋದ ಜಾಗದಲ್ಲಿ ಹೊಸದಾಗಿ ಚಿಗುರಿದ ಎಳೆ ಜರೀಗಿಡಗಳನ್ನು ಅದು ಮೇಯುತ್ತಿತ್ತು. ಒಂದು ಹೊಟ್ಟೆಯಿಂದ ಇಡೀ ಕಾಡಿನ ಸ್ಥಿತಿ ಗೊತ್ತಾಯಿತು, ನೋಡಿ.

ಆಸ್ಟ್ರೇಲಿಯಾದ ಡಯಾಮಂಟಿನಾಸಾರಸ್ ಎಂಬ ಸಾರೋಪಾಡ್‌ನ ಹೊಟ್ಟೆಯ ವಿವರ 2025ರಲ್ಲಿ ಬಂತು. ಕೋನಿಫರ್ ಮರದ ಸೊಪ್ಪು, ಹೂಬಿಡುವ ಗಿಡದ ಎಲೆ, ಯಾವುದೂ ಅಗಿದದ್ದಲ್ಲ.

ಹೊಟ್ಟೆ ಸಿಗದಿದ್ದರೆ ಲದ್ದಿ ಸಿಗುತ್ತದೆ. ಕಲ್ಲಾಗಿ ಹೋದ ಲದ್ದಿಯ ಬಗ್ಗೆ ಮೂಗು ಮುರಿಯುವವರು ಇದನ್ನು ಕೇಳಬೇಕು. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಲದ್ದಿಯಲ್ಲಿ ಹುಲ್ಲಿನೊಳಗಿನ ಸಿಲಿಕಾ ಕಣಗಳಿದ್ದವು. ಇದು 2005ರಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ಡೈನೋಸಾರ್ ಕಾಲದಲ್ಲಿ ಹುಲ್ಲೇ ಇರಲಿಲ್ಲ ಎಂದು ಬಹುಪಾಲು ಜನ ನಂಬಿದ್ದರು.

ಕೊಂಬು, ಬೆನ್ನಿನ ಹಲಗೆ ಇವೆಲ್ಲ ಜಗಳಕ್ಕಾ ಶೋಕಿಗಾ?

ಎರಡಕ್ಕೂ, ಆದರೆ ಪಾಲು ಬೇರೆ ಬೇರೆ. ಟ್ರೈಸೆರಟಾಪ್ಸ್‌ನ ಕತ್ತಿನ ಹಿಂದಿನ ಮೂಳೆ ಹರವಿನ ಮೇಲೆ ಗಾಯದ ಗುರುತುಗಳಿವೆ. ಇನ್ನೊಂದು ಟ್ರೈಸೆರಟಾಪ್ಸ್‌ನ ಕೊಂಬು ತಾಗಿದರೆ ಎಲ್ಲಿ ಗಾಯವಾಗಬೇಕೋ ಅಲ್ಲೇ. ಅಂದರೆ ತಮ್ಮತಮ್ಮಲ್ಲೇ ಗುದ್ದಾಟ ಇತ್ತು. ಸ್ಟೆಗೊಸಾರಸ್‌ನ ಬಾಲದ ಮುಳ್ಳುಗಳು ಖಂಡಿತ ಆಯುಧ. ಆ ಮುಳ್ಳಿಗೆ ಸರಿಯಾಗಿ ಹೊಂದುವ ತೂತಿರುವ ಅಲೋಸಾರಸ್ ಬಾಲದ ಮೂಳೆ ಸಿಕ್ಕಿದೆ. ಅದೇ ಸ್ಟೆಗೊಸಾರಸ್‌ನ ಬೆನ್ನಿನ ಹಲಗೆಗಳು ತೆಳು. ಒಳಗೆ ರಕ್ತನಾಳಗಳ ಜಾಡು ಜಾಸ್ತಿ. ಹೊಡೆತ ತಡೆಯಲು ಅವು ಪ್ರಯೋಜನವಿಲ್ಲ. ತೋರಿಕೆಗೆ, ಬಹುಶಃ ಮೈಬಿಸಿ ಹದಕ್ಕೆ ತರಲು ಇದ್ದವು.

ತೋರಿಕೆಯ ಭಾಗಗಳು ಒಂದು ಉಪಕಾರ ಮಾಡುತ್ತವೆ. ಹತ್ತಿರದ ಎರಡು ಪ್ರಭೇದಗಳ ಮೈ ಒಂದೇ ತರ ಇದ್ದರೂ ಹರವು, ಜುಟ್ಟು ಬೇರೆ ಇರುತ್ತವೆ. ಕೊಂಬಿನ ಡೈನೋಸಾರ್‌ಗಳನ್ನು ಬಿಡಿಬಿಡಿಯಾಗಿ ಗುರುತಿಸುವುದು ಮುಖ್ಯವಾಗಿ ಹೀಗೆ.

ಟಿ. ರೆಕ್ಸ್‌ನ ಆ ಪುಟ್ಟ ಕೈ ಯಾವ ಕೆಲಸಕ್ಕೆ?

ಒಪ್ಪಿತವಾದ ಉತ್ತರ ಇಲ್ಲ. ಆದರೆ ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಒಳ್ಳೆಯದು. ದಕ್ಷಿಣ ಅಮೆರಿಕದ ಕಾರ್ನೊಟಾರಸ್‌ಗೂ 2022ರಲ್ಲಿ ವಿವರಿಸಿದ ಮೆರಾಕ್ಸೆಸ್‌ಗೂ ಕೈ ಚಿಕ್ಕವೇ. ಇವು ಟಿ. ರೆಕ್ಸ್‌ನ ಹತ್ತಿರದ ನೆಂಟರಲ್ಲ. ಬೇರೆ ಬೇರೆ ವಂಶಗಳಲ್ಲಿ ತಲೆ ದೊಡ್ಡದಾದಾಗ ಕೈ ಕುಗ್ಗಿದೆ. ಹಿಡಿಯುವ, ಕೊಲ್ಲುವ ಕೆಲಸವನ್ನೆಲ್ಲ ಬಾಯೇ ವಹಿಸಿಕೊಂಡಿತ್ತು.

ಬಣ್ಣ ಮಾತ್ರ ಚಿತ್ರ ಬರೆಯೋರ ಕಲ್ಪನೆ ತಾನೆ?

2010ರವರೆಗೆ ಹೌದು. ಆ ವರ್ಷ ಗರಿಯ ಪಳೆಯುಳಿಕೆಯಲ್ಲಿ ಮೆಲನೊಸೋಮ್ ಎಂಬ ಬಣ್ಣದ ಕಣಗಳ ಆಕಾರ ನೋಡಿ ಸೈನೊಸಾರೊಪ್ಟೆರಿಕ್ಸ್‌ಗೆ ಕಂದುಗೆಂಪು ಪಟ್ಟೆಯ ಬಾಲ ಇತ್ತು ಎಂದು ಗೊತ್ತಾಯಿತು. ಬಣ್ಣದಿಂದ ವಾಸದ ಜಾಗವೂ ತಿಳಿಯುತ್ತದೆ. ಬೆನ್ನು ಗಾಢ, ಹೊಟ್ಟೆ ತಿಳಿ ಇದ್ದರೆ ನೆರಳು ಮಾಸಿ ಪ್ರಾಣಿ ಕಣ್ಣಿಗೆ ಬೀಳುವುದಿಲ್ಲ. ಸಿಟಾಕೊಸಾರಸ್ ಎಂಬ ಸಣ್ಣ ಸಸ್ಯಾಹಾರಿಯಲ್ಲಿ ಈ ಬಣ್ಣದ ಬದಲಾವಣೆ ಮರಗಳ ಕೆಳಗಿನ ಮಂದ ಬೆಳಕಿಗೆ ಸರಿಹೊಂದುತ್ತದೆ. ಸೈನೊಸಾರೊಪ್ಟೆರಿಕ್ಸ್‌ನಲ್ಲಿ ಬಯಲಿನ ಬಿಸಿಲಿಗೆ.

ನನಗೆ ಬೆರಗು ಹುಟ್ಟಿಸುವುದು ಕೆನಡಾದ ಕವಚದ ಬೋರಿಯಾಲೊಪೆಲ್ಟಾ. ಸುಮಾರು 1,300 ಕಿಲೊ ತೂಕ, ಮೈತುಂಬ ಮುಳ್ಳಿನ ಕವಚ. ಆದರೂ ಅದಕ್ಕೆ ಮರೆಮಾಚುವ ಬಣ್ಣ. ಇಂದು ಅಷ್ಟು ತೂಕದ ಆನೆ, ಘೇಂಡಾಮೃಗಗಳಿಗೆ ಅಂಥ ಬಣ್ಣ ಬೇಕಿಲ್ಲ. ಆ ಕಾಲದ ಬೇಟೆಗಾರರು ಎಂಥವರಿದ್ದರು ಎಂದು ಇದರಿಂದ ಅಂದಾಜು ಮಾಡಬಹುದು.

## ಒಂದೇ ಜಾಗ, ಹಲವು ಬಾಯಿ

ಅಷ್ಟೊಂದು ದೈತ್ಯ ಸಸ್ಯಾಹಾರಿಗಳು ಒಂದೇ ಕಡೆ ಹೇಗೆ ಬಾಳಿದವು? ಮೇವು ಸಾಕಾಗ್ತಿತ್ತಾ?

ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ಪಶ್ಚಿಮ ಭಾಗದ ಮಾರಿಸನ್ ಶಿಲಾಪದರ. ಸುಮಾರು 15 ಕೋಟಿ ವರ್ಷ ಹಿಂದಿನದು. ಡಿಪ್ಲೊಡೊಕಸ್, ಕ್ಯಾಮರಸಾರಸ್, ಬ್ರಾಕಿಯೊಸಾರಸ್, ಸ್ಟೆಗೊಸಾರಸ್ ಎಲ್ಲವೂ ಅಲ್ಲಿವೆ.

ಎಲ್ಲವೂ ಸೊಪ್ಪು ತಿನ್ನುತ್ತಿದ್ದರೂ ಒಂದೇ ಸೊಪ್ಪಲ್ಲ. ಕ್ಯಾಮರಸಾರಸ್‌ನ ಹಲ್ಲು ಅಗಲ, ದಪ್ಪ. ಗಟ್ಟಿ ರೆಂಬೆ ಕಡಿಯಲು ತಕ್ಕದ್ದು. ಡಿಪ್ಲೊಡೊಕಸ್‌ನದ್ದು ಸಪೂರ ಕಡ್ಡಿ. ಎಲೆ ಸವರಿಕೊಳ್ಳಲು ಸರಿ. 2013ರಲ್ಲಿ ಹಲ್ಲಿನ ಬೆಳವಣಿಗೆಯ ಗೆರೆ ಎಣಿಸಿದರು. ಡಿಪ್ಲೊಡೊಕಸ್ ಸುಮಾರು 35 ದಿನಕ್ಕೊಂದು ಹಲ್ಲು ಬದಲಿಸುತ್ತಿತ್ತು, ಕ್ಯಾಮರಸಾರಸ್ ಸುಮಾರು 62 ದಿನಕ್ಕೆ. ಹಲ್ಲು ಇಷ್ಟು ಬೇರೆ ಬೇರೆ ವೇಗದಲ್ಲಿ ಸವೆದರೆ ಬಾಯಿಗೆ ಹೋಗುತ್ತಿದ್ದದ್ದೂ ಬೇರೆ ಇರಲೇಬೇಕು. ಬ್ರಾಕಿಯೊಸಾರಸ್‌ನ ಮುಂಗಾಲು ಹಿಂಗಾಲಿಗಿಂತ ಉದ್ದ, ಹಾಗಾಗಿ ಅದು ಎತ್ತರದ ಮರಗಳನ್ನೇ ಮೇಯುತ್ತಿತ್ತು. ಸ್ಟೆಗೊಸಾರಸ್‌ನ ತಲೆ ನೆಲದ ಹತ್ತಿರ. ಎತ್ತರ, ಗಟ್ಟಿತನ, ಗಿಡದ ಜಾತಿ ಹೀಗೆ ಮೇವನ್ನು ಹಂಚಿಕೊಂಡಿದ್ದವು.

ಟಿ. ರೆಕ್ಸ್ ನಿಜವಾದ ಬೇಟೆಗಾರನಾ, ಸತ್ತದ್ದನ್ನು ತಿಂದುಕೊಂಡು ಇತ್ತಾ?

ಬೇಟೆಯಾಡುತ್ತಿತ್ತು. ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಒಂದು ಹ್ಯಾಡ್ರೊಸಾರ್‌ನ ಬಾಲದ ಮೂಳೆಯಲ್ಲಿ ಟಿ. ರೆಕ್ಸ್ ಹಲ್ಲು ಮುರಿದು ಸಿಕ್ಕಿಕೊಂಡಿತ್ತು. ಸುತ್ತ ಮೂಳೆ ಮತ್ತೆ ಬೆಳೆದಿತ್ತು. ಸತ್ತ ಪ್ರಾಣಿಯ ಗಾಯ ಮಾಯುವುದಿಲ್ಲ ಅಲ್ವಾ? ಅಂದರೆ ಬದುಕಿದ್ದಾಗಲೇ ಕಚ್ಚಿತ್ತು, ಅದು ತಪ್ಪಿಸಿಕೊಂಡಿತ್ತು. ಹಾಗೆಂದು ಸತ್ತದ್ದು ಸಿಕ್ಕರೆ ಬಿಡುತ್ತಿರಲಿಲ್ಲ. ಸಿಂಹವೂ ಬಿಡುವುದಿಲ್ಲ. ಈ ವಾದವನ್ನು ಇಷ್ಟು ವರ್ಷ ಎಳೆದದ್ದೇ ಜಾಸ್ತಿಯಾಯಿತು ಎಂದು ನನ್ನ ಅಭಿಪ್ರಾಯ.

ಮರಿಗಳೂ ದೊಡ್ಡವು ತಿನ್ನೋದನ್ನೇ ತಿಂತಿದ್ವಾ?

ಬಹಳಷ್ಟು ಡೈನೋಸಾರ್‌ಗಳಲ್ಲಿ ಇಲ್ಲ. ಇಲ್ಲೇ ಅವುಗಳ ಪರಿಸರ ನಮ್ಮ ಕಾಲದ್ದಕ್ಕಿಂತ ತೀರಾ ಬೇರೆ. ಆನೆಯ ಮರಿ ಹುಟ್ಟುವಾಗಲೇ ನೂರು ಕಿಲೊ ತೂಗುತ್ತದೆ, ತಾಯಿಯ ಜೊತೆಗೇ ಬೆಳೆಯುತ್ತದೆ. ಹತ್ತಾರು ಟನ್ ತೂಗುವ ಟೈಟನೊಸಾರ್ ಎಂಬ ಸಾರೋಪಾಡ್‌ನ ಮೊಟ್ಟೆ 15 ಸೆಂಟಿಮೀಟರ್ ಆಸುಪಾಸು. ಅಷ್ಟು ಸಣ್ಣ ಮರಿ ಅಷ್ಟು ದೊಡ್ಡದಾಗುವಷ್ಟರಲ್ಲಿ ಹಲವು ಕಸುಬು ದಾಟಿ ಬರುತ್ತದೆ.

2023ರಲ್ಲಿ ಇದಕ್ಕೆ ನೇರ ಸಾಕ್ಷಿ ಬಂತು. ಆಲ್ಬರ್ಟಾದಲ್ಲಿ ಸಿಕ್ಕ, ಟಿ. ರೆಕ್ಸ್‌ನ ನೆಂಟನಾದ ಒಂದು ಎಳೆಯ ಗಾರ್ಗೊಸಾರಸ್‌ನ ಹೊಟ್ಟೆಯಲ್ಲಿ ಸಿಟಿಪೆಸ್ ಎಂಬ ಹಕ್ಕಿಯಂಥ ಡೈನೋಸಾರ್‌ನ ಎರಡು ಮರಿಗಳ ಹಿಂಗಾಲುಗಳಿದ್ದವು. ಬೆಳೆದ ಗಾರ್ಗೊಸಾರಸ್ ದೊಡ್ಡ ಸಸ್ಯಾಹಾರಿಗಳನ್ನು ಹೊಡೆಯುತ್ತಿತ್ತು. ಎಳೆಯದಕ್ಕೆ ಸಪೂರ ಕಾಲು, ತೆಳು ಹಲ್ಲು. ಅದು ಓಡಿಸಿ ಹಿಡಿಯುವ ಸಣ್ಣ ಬೇಟೆಗಾರ.

2021ರ ಒಂದು ಅಧ್ಯಯನ ಇದನ್ನೇ ಇನ್ನೂ ದೊಡ್ಡದಾಗಿ ನೋಡಿತು. ದೈತ್ಯ ತೆರೊಪಾಡ್‌ಗಳಿದ್ದ ಕಡೆ 100ರಿಂದ 1,000 ಕಿಲೊ ತೂಕದ ಬೇರೆ ಮಾಂಸಾಹಾರಿಗಳು ತೀರಾ ಕಡಿಮೆ. ಆ ಜಾಗವನ್ನು ದೈತ್ಯರ ಮರಿಗಳೇ ತುಂಬಿದ್ದವು ಎಂಬುದು ಅದರ ವಾದ. ಒಂದೇ ಪ್ರಭೇದ, ಎರಡು ಮೂರು ಪ್ರಭೇದಗಳ ಕೆಲಸ.

ಸಸ್ತನಿಗಳು ಆಗ ಬರೀ ಹೆದರಿ ಅಡಗಿ ಕೂತಿದ್ವಾ?

ಹೆಚ್ಚಿನವು ಹೌದು. ಎಲ್ಲವೂ ಅಲ್ಲ. ಚೀನಾದಲ್ಲಿ ಸುಮಾರು 12.5 ಕೋಟಿ ವರ್ಷ ಹಿಂದೆ ಇದ್ದ ರೆಪೆನೊಮಾಮಸ್ ಎಂಬ ಸಸ್ತನಿಯ ಹೊಟ್ಟೆಯಲ್ಲಿ ಸಿಟಾಕೊಸಾರಸ್ ಮರಿ ಸಿಕ್ಕಿದ್ದು 2005ರಲ್ಲಿ ವರದಿಯಾಯಿತು. 2023ರಲ್ಲಿ ಇನ್ನೊಂದು ಪಳೆಯುಳಿಕೆ ಬಂತು: ಅದೇ ಸಸ್ತನಿ ತನಗಿಂತ ದೊಡ್ಡ ಸಿಟಾಕೊಸಾರಸ್‌ಗೆ ಹಲ್ಲು ನೆಟ್ಟು ಹಿಡಿದುಕೊಂಡಿರುವಾಗಲೇ ಎರಡೂ ಜ್ವಾಲಾಮುಖಿಯ ಬೂದಿಮಣ್ಣಿನಲ್ಲಿ ಹೂತುಹೋಗಿದ್ದವು.

ಹಾವುಗಳೂ ಸುಮ್ಮನಿರಲಿಲ್ಲ. ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಸಿಕ್ಕ ಸನಾಜೆ ಎಂಬ ಸುಮಾರು 3.5 ಮೀಟರ್ ಹಾವು ಸಾರೋಪಾಡ್ ಗೂಡಿನಲ್ಲಿ, ಒಡೆದ ಮೊಟ್ಟೆಯ ಸುತ್ತ ಸುತ್ತಿಕೊಂಡಿತ್ತು. ಪಕ್ಕದಲ್ಲೇ ಅರ್ಧ ಮೀಟರ್ ಉದ್ದದ ಮರಿ. ದೈತ್ಯರಾದರೂ ಬಾಲ್ಯದಲ್ಲಿ ಬೇರೆಯವರ ತುತ್ತೇ.

ಅಷ್ಟು ವೈವಿಧ್ಯ ಇದ್ದೂ ಹಕ್ಕಿ ಮಾತ್ರ ಯಾಕೆ ಉಳೀತು?

6.6 ಕೋಟಿ ವರ್ಷ ಹಿಂದೆ ಈಗಿನ ಮೆಕ್ಸಿಕೊದ ಚಿಕ್ಸುಲುಬ್ ಬಳಿ ಕ್ಷುದ್ರಗ್ರಹ ಬಡಿಯಿತು. ಬೆಳಕು ಮಂಕಾಯಿತು, ಗಿಡಗಳು ಸತ್ತವು, ಅದರ ಮೇಲೆ ನಿಂತ ಆಹಾರ ಸರಪಳಿ ಕುಸಿಯಿತು. ಅಂಥ ಹೊತ್ತಿನಲ್ಲಿ ಸಣ್ಣ ಮೈ, ಕಡಿಮೆ ಊಟ ಲಾಭ. ಹಲ್ಲಿಲ್ಲದ ಕೊಕ್ಕಿನಿಂದ ಮಣ್ಣಿನಲ್ಲಿ ಉಳಿದ ಬೀಜ ಹೆಕ್ಕಬಹುದು. ಹಕ್ಕಿಗಳೆಲ್ಲ ಉಳಿಯಲಿಲ್ಲ ಎಂಬುದನ್ನೂ ನೆನಪಿಡಿ. ಹಲ್ಲಿದ್ದ ಹಕ್ಕಿಗಳು ಹೋದವು. ಕಾಡು ನಾಶವಾದಾಗ ಮರವನ್ನೇ ನಂಬಿದ್ದವೂ ಹೋದವು ಎಂದು 2018ರ ಒಂದು ಅಧ್ಯಯನ ಹೇಳುತ್ತದೆ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ನೆಂಟಸ್ತಿಕೆ ಇಲ್ಲದವು ಒಂದೇ ತರ ಕಾಣೋದು ಹೇಗೆ? ವರ್ಗೀಕರಣ ಮಾಡೋರು ಮೋಸ ಹೋಗಲ್ವಾ?

ಹೋಗುತ್ತಾರೆ, ಹೋಗಿದ್ದಾರೆ. ಒಂದೇ ಕಸುಬು ಮಾಡುವವರ ಮೈ ಒಂದೇ ತರ ಆಗುತ್ತದೆ. ಗ್ಯಾಲಿಮಿಮಸ್ ಉಷ್ಟ್ರಪಕ್ಷಿಯಂತೆ ಕಾಣುತ್ತದೆ, ಆದರೆ ಉಷ್ಟ್ರಪಕ್ಷಿ ಅದರ ಸಂತಾನವಲ್ಲ. ಹಲ್ಲು ಕಳೆದುಕೊಂಡು ಕೊಕ್ಕು ಪಡೆಯುವುದು ತೆರೊಪಾಡ್‌ಗಳಲ್ಲೇ ಹಲವು ಸಲ ಬೇರೆ ಬೇರೆಯಾಗಿ ನಡೆದಿದೆ. ಚೀನಾದ ಲಿಮುಸಾರಸ್‌ನಲ್ಲಿ ಒಂದೇ ಪ್ರಾಣಿಯ ಜೀವಮಾನದಲ್ಲಿ ಇದು ಕಾಣುತ್ತದೆ. ಮರಿಗೆ ಹಲ್ಲು, ಬೆಳೆದದ್ದಕ್ಕೆ ಬರೀ ಕೊಕ್ಕು, ಹೊಟ್ಟೆಯಲ್ಲಿ ಗಿಡ ಅರೆಯುವ ಕಲ್ಲು.

ಇದರಿಂದ ತಪ್ಪಿಸಿಕೊಳ್ಳಲು ಒಂದು ಲಕ್ಷಣ ನೋಡಿ ತೀರ್ಮಾನಿಸುವುದಿಲ್ಲ. ನೂರಾರು ಲಕ್ಷಣಗಳ ಪಟ್ಟಿ ಮಾಡಿ, ಅವುಗಳನ್ನು ಅತಿ ಕಡಿಮೆ ಬದಲಾವಣೆಯಲ್ಲಿ ವಿವರಿಸುವ ವಂಶವೃಕ್ಷ ಯಾವುದು ಎಂದು ಕಂಪ್ಯೂಟರಿನಲ್ಲಿ ಹುಡುಕುತ್ತಾರೆ. ಕೊಕ್ಕು ಒಂದು ಕಡೆ ಎಳೆದರೂ ಮಣಿಕಟ್ಟು, ಕಿವಿಯ ಮೂಳೆ, ಪಾದದ ಕೀಲು ಇನ್ನೊಂದು ಕಡೆ ಎಳೆದರೆ ಬಹುಮತಕ್ಕೆ ಗೆಲುವು.

ಒಂದು ಕೈಯೋ ಉಗುರೋ ಸಿಕ್ಕರೆ ಇಡೀ ಪ್ರಾಣಿ ಹೇಳ್ಬಿಡ್ತಾರಂತೆ?

ಹೇಳಲು ಹೋಗಿ ಪೆಟ್ಟು ತಿಂದದ್ದೇ ಹೆಚ್ಚು. ಇಗ್ವಾನಡಾನ್‌ನ ಹೆಬ್ಬೆರಳಿನ ಮುಳ್ಳನ್ನು, ಆ ಪ್ರಾಣಿಗೆ ಹೆಸರಿಟ್ಟ ಗಿಡಿಯನ್ ಮ್ಯಾಂಟೆಲ್ ಮೂಗಿನ ಮೇಲಿನ ಕೊಂಬು ಎಂದುಕೊಂಡಿದ್ದರು. 1878ರಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಕಲ್ಲಿದ್ದಲ ಗಣಿಯಲ್ಲಿ ಪೂರ್ತಿ ಅಸ್ಥಿಪಂಜರಗಳು ಸಿಕ್ಕ ಮೇಲೆ ಅದು ಕೈಗೆ ಇಳಿಯಿತು. ಥೆರಿಜಿನೊಸಾರಸ್‌ನ ಅರ್ಧ ಮೀಟರ್ ಮೀರಿದ ಉಗುರುಗಳನ್ನು 1954ರಲ್ಲಿ ಆಮೆಯಂಥ ಪ್ರಾಣಿಯದ್ದು ಎಂದು ವಿವರಿಸಲಾಯಿತು.

ಎಲ್ಲಕ್ಕಿಂತ ಸೊಗಸು ಡೈನೊಕೈರಸ್‌ನದ್ದು. 1965ರಲ್ಲಿ ಮಂಗೋಲಿಯಾದ ಗೋಬಿಯಲ್ಲಿ 2.4 ಮೀಟರ್ ಉದ್ದದ ಎರಡು ತೋಳು ಸಿಕ್ಕವು. ಜೊತೆಗೆ ಹೆಚ್ಚೇನೂ ಇರಲಿಲ್ಲ. ಬಹಳ ಕಾಲ ಹಲವರು ಒಂದು ಭಯಂಕರ ಬೇಟೆಗಾರನನ್ನು ಊಹಿಸಿಕೊಂಡರು. ಕಳ್ಳಸಾಗಣೆಯಾಗಿ ಯುರೋಪಿಗೆ ಹೋಗಿದ್ದ ತಲೆ ಮತ್ತು ಪಾದ ಪತ್ತೆಯಾಗಿ ವಾಪಸ್ ಬಂದ ಮೇಲೆ 2014ರಲ್ಲಿ ನಿಜರೂಪ ತಿಳಿಯಿತು. ಬೆನ್ನಿನ ಮೇಲೆ ಡುಬ್ಬ, ಹಲ್ಲಿಲ್ಲದ ಬಾತುಮೂತಿ, ಹೊಟ್ಟೆಯಲ್ಲಿ ಸಾವಿರಕ್ಕೂ ಹೆಚ್ಚು ಕಲ್ಲು ಮತ್ತು ಮೀನಿನ ಚೂರು. ಜೌಗಿನಲ್ಲಿ ಗಿಡ, ಮೀನು ಎಲ್ಲ ತಿಂದುಕೊಂಡಿದ್ದ ನಿಧಾನಿ. ಗಮನಿಸಿ: 1970ರಲ್ಲೇ ಆ ತೋಳುಗಳಿಂದ ಅದು ತೆರೊಪಾಡ್ ಎಂದು ಸರಿಯಾಗಿ ಗುರುತಿಸಿದ್ದರು. ವಂಶ ಸಿಕ್ಕಿತ್ತು, ಕಸುಬು ಪೂರ್ತಿ ತಪ್ಪಿತ್ತು.

ಸ್ಪೈನೋಸಾರಸ್ ಈಜ್ತಿತ್ತಾ ಇಲ್ವಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಅವರೆಲ್ಲ ಒಂದೇ ಮೂಳೆ ನೋಡಿ ಬೇರೆ ಬೇರೆ ಹೇಳುತ್ತಿದ್ದಾರೆ. ಇದು ಬೆನ್ನಿನ ಮೇಲೆ ಹಾಯಿ ಹೊತ್ತ ದೊಡ್ಡ ತೆರೊಪಾಡ್. ಜರ್ಮನಿಯ ವಿಜ್ಞಾನಿ ಎರ್ನ್ಸ್ಟ್ ಸ್ಟ್ರೋಮರ್ 1915ರಲ್ಲಿ ವಿವರಿಸಿದ ಈಜಿಪ್ಟಿನ ಮೊದಲ ಮೂಳೆಗಳು 1944ರಲ್ಲಿ ಮ್ಯೂನಿಕ್ ಮೇಲೆ ಬಿದ್ದ ಬಾಂಬಿಗೆ ಸುಟ್ಟುಹೋದವು. ಮೊರಾಕೊದಿಂದ ಹೊಸ ಮೂಳೆಗಳು ಬಂದ ಮೇಲೆ ಚರ್ಚೆ ಮತ್ತೆ ಶುರುವಾಯಿತು. ಗಿಡ್ಡ ಹಿಂಗಾಲು, ಗಟ್ಟಿ ಒತ್ತಾದ ಮೂಳೆ, 2020ರಲ್ಲಿ ವಿವರಿಸಿದ ದೋಣಿಯ ಹುಟ್ಟಿನಂಥ ಅಗಲ ಬಾಲ, ಇವು ಈಜಿನ ಕಡೆ. 2022ರ ಇನ್ನೊಂದು ತಂಡ ಕಂಪ್ಯೂಟರ್ ಮಾದರಿ ಮಾಡಿ, ಇದು ಮುಳುಗಲಾರದಷ್ಟು ತೇಲುತ್ತದೆ, ನೀರಿನಲ್ಲಿ ಓಲಾಡುತ್ತದೆ ಎಂದಿತು. ಮೀನು ತಿನ್ನುತ್ತಿತ್ತು, ನೀರಿನ ಹತ್ತಿರ ಇತ್ತು ಎಂಬುದರಲ್ಲಿ ಜಗಳವಿಲ್ಲ. ದಡದಲ್ಲಿ ನಿಂತು ಹಿಡಿಯಿತೋ, ಒಳಗೆ ಮುಳುಗಿ ಅಟ್ಟಿತೋ ಎಂಬುದಷ್ಟೇ. ನನಗೆ ದಡದ ವಾದ ಸ್ವಲ್ಪ ಗಟ್ಟಿ ಅನ್ನಿಸುತ್ತದೆ.

ಮರಿಗೂ ದೊಡ್ಡದಕ್ಕೂ ಬೇರೆ ಬೇರೆ ಹೆಸರಿಟ್ಟುಬಿಟ್ಟರೆ?

ಹಾಗೆ ಆಗಿದೆ. ಅದರ ಉಲ್ಟಾ ಕೂಡ ಆಗಿದೆ. 2010ರಲ್ಲಿ ಇಬ್ಬರು ತಜ್ಞರು ಟೊರೊಸಾರಸ್ ಅಂದರೆ ವಯಸ್ಸಾದ ಟ್ರೈಸೆರಟಾಪ್ಸ್ ಅಷ್ಟೇ ಎಂದರು. ಬಹಳ ಜನ ಒಪ್ಪಲಿಲ್ಲ. ನ್ಯಾನೊಟೈರಾನಸ್‌ನದ್ದು ಇನ್ನೂ ಉದ್ದದ ಜಗಳ. 1988ರಲ್ಲಿ ಈ ಹೆಸರು ಇಟ್ಟರು. ಆಮೇಲೆ ಬಹುಕಾಲ ಇದು ಎಳೆಯ ಟಿ. ರೆಕ್ಸ್ ಎಂದು ಹೆಚ್ಚಿನವರ ವಾದವಾಗಿತ್ತು. 2025ರಲ್ಲಿ ಹೊಸ ಅಸ್ಥಿಪಂಜರದ ಮೇಲೆ ಬಂದ ಅಧ್ಯಯನ ಇದು ಬೆಳೆದ, ಬೇರೆಯೇ ಪ್ರಾಣಿ ಎಂದಿತು.

ವಯಸ್ಸು ತಿಳಿಯುವುದು ಮೂಳೆ ಕೊಯ್ದು ನೋಡಿ. ಒಳಗೆ ವರ್ಷಕ್ಕೊಂದು ಗೆರೆ ಇರುತ್ತದೆ. ಹೊರ ಅಂಚಿನಲ್ಲಿ ಗೆರೆಗಳು ಒತ್ತೊತ್ತಾಗಿದ್ದರೆ ಬೆಳವಣಿಗೆ ನಿಂತಿದೆ ಎಂದರ್ಥ. ಹೆಸರಿನ ಜಗಳ ಎಂದು ತಳ್ಳಿಹಾಕಬೇಡಿ. ಮರಿಗಳೇ ನಡುಗಾತ್ರದ ಬೇಟೆಗಾರರ ಜಾಗ ತುಂಬಿದ್ದವು ಎಂಬ ವಾದಕ್ಕೆ ಟಿ. ರೆಕ್ಸ್ ದೊಡ್ಡ ಉದಾಹರಣೆ. ನ್ಯಾನೊಟೈರಾನಸ್ ಬೇರೆ ಪ್ರಾಣಿ ಎಂದಾದರೆ ಆ ಜಾಗದಲ್ಲಿ ಇನ್ನೊಬ್ಬ ಇದ್ದ ಎಂದಾಗುತ್ತದೆ. ಆಗ ಆ ಕಾಡಿನ ಲೆಕ್ಕವನ್ನೇ ಮತ್ತೆ ಹಾಕಬೇಕು.

ಸೊಂಟದ ಆ ಹಳೇ ವಿಂಗಡಣೆಯೇ ತಪ್ಪು ಅಂತ ಓದಿದೆ. ನಿಜವಾ?

2017ರಲ್ಲಿ ಮ್ಯಾಥ್ಯೂ ಬ್ಯಾರನ್ ಮತ್ತು ಇಬ್ಬರು ಸಹೋದ್ಯೋಗಿಗಳು ಹಾಗೆ ವಾದಿಸಿದರು. 457 ಲಕ್ಷಣಗಳನ್ನು ಹೋಲಿಸಿ, ತೆರೊಪಾಡ್‌ಗಳು ಸಾರೋಪಾಡ್‌ಗಳ ಬದಲು ಆರ್ನಿತಿಸ್ಕಿಯನ್‌ಗಳಿಗೆ ಹತ್ತಿರ ಎಂದರು. ಆ ಜೋಡಿಗೆ ಆರ್ನಿತೊಸ್ಕೆಲಿಡಾ ಎಂಬ ಹಳೆಯ ಹೆಸರನ್ನೇ ಮತ್ತೆ ಬಳಸಿದರು. ಅದೇ ವರ್ಷ ಇನ್ನೊಂದು ತಂಡ ಅದೇ ಪಟ್ಟಿಯನ್ನು ತಿದ್ದಿ ಮತ್ತೆ ಲೆಕ್ಕ ಹಾಕಿತು. ಹಳೆಯ ವಿಂಗಡಣೆಯೇ ಬಂತು, ಆದರೆ ಕೂದಲೆಳೆ ಅಂತರದಲ್ಲಿ. ಇಂದಿಗೂ ಹೆಚ್ಚಿನವರು ಸೀಲಿಯ ಎರಡು ಗುಂಪುಗಳನ್ನೇ ಬಳಸುತ್ತಾರೆ.

ಈ ಜಗಳ ಸುಲಭಕ್ಕೆ ಮುಗಿಯದು. ಕಾರಣ, ಮೂರು ಕವಲುಗಳ ಮೊದಲ ಪ್ರಾಣಿಗಳು ಒಂದಕ್ಕೊಂದು ತೀರಾ ಹೋಲುತ್ತವೆ. ಎಲ್ಲವೂ ಚಿಕ್ಕವು, ಎರಡು ಕಾಲಿನವು. ಇನ್ನೂ ಕಸುಬು ಬೇರೆಯಾಗಿರಲಿಲ್ಲ. ಆರ್ನಿತಿಸ್ಕಿಯನ್‌ಗಳ ಬಹಳ ಹಳೆಯ ಪಳೆಯುಳಿಕೆಗಳಂತೂ ಸಿಗುವುದೇ ಕಷ್ಟ.

ನಡುವೆ ಚಿಲೆಸಾರಸ್ ಬಂದು ಇನ್ನಷ್ಟು ಕಲಕಿದೆ. ಚಿಲಿ ದೇಶದಲ್ಲಿ ಏಳು ವರ್ಷದ ಹುಡುಗನೊಬ್ಬ ಅದರ ಮೊದಲ ಮೂಳೆಗಳನ್ನು ಹೆಕ್ಕಿದ. 2015ರಲ್ಲಿ ಅದನ್ನು ಸಸ್ಯಾಹಾರಿ ತೆರೊಪಾಡ್ ಎಂದು ವಿವರಿಸಿದರು. ಕೈಕಾಲು ತೆರೊಪಾಡ್‌ನಂತೆ, ಹಲ್ಲು ಎಲೆಯಾಕಾರ, ಪ್ಯೂಬಿಸ್ ಹಿಂದಕ್ಕೆ. 2017ರಲ್ಲಿ ಬ್ಯಾರನ್ ಮತ್ತು ಪಾಲ್ ಬ್ಯಾರೆಟ್ ಅದನ್ನು ಆರ್ನಿತಿಸ್ಕಿಯನ್‌ಗಳ ಬುಡಕ್ಕೆ ಸರಿಸಿದರು. ಅದರ ಹಿಂದಕ್ಕೆ ತಿರುಗಿದ ಸೊಂಟ ವಂಶದಿಂದ ಬಂದದ್ದೋ, ಸೊಪ್ಪು ತಿಂದು ತಿಂದು ಬಂದದ್ದೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಸದ್ಯಕ್ಕೆ ಅದು ಎರಡೂ ಪಟ್ಟಿಗಳಲ್ಲಿ ಓಡಾಡಿಕೊಂಡಿದೆ.